ಹಾರ್ಮೋನಿಯಂ ಪಕ್ಕ ಕೂತು ನೋಡಿದ ಸುರಭಿ ‘ಮಾಯಾಬಜಾರ್’

ಮನೆಯಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ, ವಯಸ್ಸಾದವರೂ ಇದ್ದಾರೆ, ಇಬ್ಬರಿಗೂ ಹಿಡಿಸುವಂಥದ್ದು ಏನಿದೆ ಅಂತ ಹುಡುಕುತ್ತಿದ್ದರೆ ಸುರಭಿಯವರ ನಾಟಕಕ್ಕೆ ಹೋಗಿ. ಮೈಸೂರಿನ ಕಲಾಮಂದಿರದಲ್ಲಿ ಸುರಭಿ ಮನೆತನದ ಒಂದು ತಂಡದ ‘ಮಾಯಾಬಜಾರ್’ ನೋಡಿ ಬಂದಿದ್ದೇನೆ. ನನ್ನ ಜೊತೆ ಅಪ್ಪ ಮತ್ತು ನನ್ನ ಮಗಳು. ಅಪ್ಪ ಮಂಡ್ಯ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಮಗಳು ಎರಡನೇ ಕ್ಲಾಸು. ಅವರಿಬ್ಬರೂ ಒಂದೇ ಸಲ ಸೀಟಿನ ತುದಿಗೆ ಬಂದು ಕೂತದ್ದನ್ನು ನಾನು ಮೊದಲ ಸಲ ನೋಡಿದೆ.

ಸುರಭಿ ಅಂದರೆ ಆಂಧ್ರದ ಕಡಪ ಜಿಲ್ಲೆಯ ಒಂದು ಊರು. 1885ರಲ್ಲಿ ಅಲ್ಲಿ ‘ಕೀಚಕ ವಧೆ’ ಆಡಿದ ಮನೆಯವರು ಆಮೇಲೆ ಅದನ್ನೇ ಬದುಕು ಮಾಡಿಕೊಂಡರು. ನಮ್ಮ ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಹೆಚ್ಚೂ ಕಡಿಮೆ ಒಂದೇ ವಯಸ್ಸು. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದ್ದರಂತೆ ಅಂತ ಅಪ್ಪ ಈಗಲೂ ಹೇಳುತ್ತಾರೆ. ಆ ಕಾಲ ಹೋಯಿತು. ಸುರಭಿಯವರು ಮಾತ್ರ ಮನೆ ಮಂದಿಯನ್ನೇ ಕಟ್ಟಿಕೊಂಡು ಇನ್ನೂ ಊರೂರು ತಿರುಗುತ್ತಿದ್ದಾರೆ. ಅಜ್ಜಿ, ಸೊಸೆ, ಮೊಮ್ಮಗ ಎಲ್ಲರೂ ಪಾತ್ರಧಾರಿಗಳೇ.

ಕಥೆ ನಮಗೆ ಗೊತ್ತಿರುವುದೇ. ಬಲರಾಮನ ಮಗಳು ಶಶಿರೇಖೆ, ಅವಳನ್ನು ಬಯಸುವ ಅಭಿಮನ್ಯು, ನಡುವೆ ದುರ್ಯೋಧನನ ಮಗ ಲಕ್ಷ್ಮಣಕುಮಾರ. ಮಾತು ತೆಲುಗಿನಲ್ಲಿದೆ. ಹೋಗುವ ಮೊದಲು ಮಕ್ಕಳಿಗೆ ಕಥೆ ಹೇಳಿಬಿಡಿ, ಆಮೇಲೆ ಯಾವ ತೊಂದರೆಯೂ ಇಲ್ಲ. ಹಾಡು ಶುರುವಾದರೆ ಭಾಷೆ ಲೆಕ್ಕಕ್ಕೇ ಬರುವುದಿಲ್ಲ. ಲಕ್ಷ್ಮಣಕುಮಾರನ ತಮಾಷೆ ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು, ಆದರೆ ಮಗಳು ಬಿದ್ದು ಬಿದ್ದು ನಕ್ಕಳು. ಮಕ್ಕಳ ಆಟಕ್ಕೆ ಮಕ್ಕಳ ತೀರ್ಪೇ ಸರಿ.

ಕಾಡಿನ ಸೀನು ಬಂತು. ಅಭಿಮನ್ಯು ಬಿಟ್ಟ ಬಾಣ, ಘಟೋತ್ಕಚ ಬಿಟ್ಟ ಬಾಣ ಎರಡೂ ಗಾಳಿಯಲ್ಲಿ ತೇಲಿಕೊಂಡು ಬಂದು ನಡುವೆ ಡಿಕ್ಕಿ ಹೊಡೆದು ಬೆಳಕು ಚಿಮ್ಮಿತು. ಮುಂದೆ ಘಟೋತ್ಕಚ ಊಟಕ್ಕೆ ಕೂತಾಗ ಲಡ್ಡುಗಳು ತಾವಾಗಿಯೇ ತಟ್ಟೆಯಿಂದ ಎದ್ದು ಅವನ ಬಾಯಿಗೆ ಹೋದವು. ಇಡೀ ಹಾಲ್ ಕೂಗಿತು. ಅಪ್ಪ ಮಾತ್ರ ಬಾಣ ನೋಡುತ್ತಿರಲಿಲ್ಲ. ಕೆಳಗೆ ಒಂದು ಮೂಲೆಯಲ್ಲಿ ಕೂತಿದ್ದ ಹಾರ್ಮೋನಿಯಂನವರ ಕೈ ನೋಡುತ್ತಿದ್ದರು. ‘ನೋಡವ್ವ, ಅವ್ರು ಸ್ವರ ಎಳೀತಾವ್ರೆ. ಒಳಗೆ ಹಗ್ಗ ಇನ್ನೂ ರೆಡಿ ಆಗಿಲ್ಲ’ ಅಂದರು. ಹಾಗೆ ಹೇಳಿದ ಮೇಲೆ ನನ್ನ ಕಿವಿಯೂ ಅತ್ತಲೇ ತಿರುಗಿತು. ಹೌದು, ಅದೇ ಸಾಲನ್ನು ಮತ್ತೆ ನುಡಿಸುತ್ತಿದ್ದರು. ತಬಲಾದವರು ಒಂದು ಉರುಳಿಕೆ ಕೊಟ್ಟರು, ಬಾಣ ಹೊರಟಿತು.

ಆಟ ಮುಗಿದ ಮೇಲೆ ಅಪ್ಪ ನೇರ ಆ ಹಾರ್ಮೋನಿಯಂನವರ ಹತ್ತಿರ ಹೋಗಿ ಕೈ ಮುಗಿದು, ತಾನೂ ಪೆಟ್ಟಿಗೆ ನುಡಿಸುವವನು ಅಂತ ಹೇಳಿಕೊಂಡರು. ಅಷ್ಟೇ ಸಾಕಾಯಿತು. ನಮ್ಮನ್ನು ಒಳಗೆ ಕರೆದುಕೊಂಡು ಹೋದರು.

ಒಳಗಿನದೇ ನನಗೆ ದೊಡ್ಡ ನಾಟಕ. ಸೈಡ್ ವಿಂಗ್ ಪಕ್ಕದಲ್ಲಿ ಸಾಲಾಗಿ ಹಗ್ಗಗಳು. ಒಂದೊಂದು ಹಗ್ಗಕ್ಕೆ ಒಂದೊಂದು ಪರದೆ. ಅರಮನೆ, ಕಾಡು, ಬೀದಿ, ಎಲ್ಲ ಕೈಯಲ್ಲಿ ಬರೆದ ಚಿತ್ರ. ಶಶಿರೇಖೆಯ ತಾಯಿ ರೇವತಿಯ ಪಾತ್ರ ಮಾಡಿದ್ದ ಅಮ್ಮ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿರೀಟ ತೆಗೆಯದೆ, ಪರದೆ ಸುತ್ತುತ್ತಿದ್ದರು. ಆಟದ ನಡುವೆಯೂ ಅವರದ್ದು ಅದೇ ಕೆಲಸವಂತೆ. ತಮ್ಮ ಸೀನು ಮುಗಿದ ಕೂಡಲೇ ಬಂದು ಹಗ್ಗ ಹಿಡಿಯಬೇಕು. ಲಡ್ಡು ಎಳೆದವನು ಹೈಸ್ಕೂಲ್ ಹುಡುಗ. ನನ್ನ ಮಗಳಿಗೆ ಕಪ್ಪು ದಾರ ತೋರಿಸಿದ. ಲಡ್ಡು ಹಗುರವಾದ ನಕಲಿ, ಹಿಂದಿನ ಪರದೆಯೂ ಕಪ್ಪು, ಹಾಗಾಗಿ ದಾರ ಕಾಣುವುದಿಲ್ಲ. ಬಾಣ ಓಡುವುದು ತೆಳುವಾದ ತಂತಿಯ ಮೇಲೆ. ಬೆಳಕು ಚಿಮ್ಮುವ ಗುಟ್ಟನ್ನು ಮಾತ್ರ ಎಷ್ಟು ಕೇಳಿದರೂ ಹೇಳಲಿಲ್ಲ. ಹೇಳಬಾರದು ಕೂಡ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಹಗ್ಗ ಎಳೆಯುವವರಿಗೆ ಸನ್ನೆ ಯಾರು ಕೊಡುತ್ತಾರೆ ಅಂತ. ಯಾರೂ ಕೊಡುವುದಿಲ್ಲವಂತೆ. ಹಾಡಿನ ಯಾವ ಜಾಗಕ್ಕೆ ಯಾವ ಹಗ್ಗ ಅನ್ನುವುದು ಚಿಕ್ಕಂದಿನಿಂದ ಕೇಳಿ ಕೇಳಿ ಬಂದಿರುತ್ತದೆ. ಒಳಗೆ ತಡವಾದರೆ ಪೆಟ್ಟಿಗೆಯವರು ಸ್ವರ ಎಳೆದು ಕಾಯುತ್ತಾರೆ, ಪೆಟ್ಟಿಗೆ ಮುಂದೆ ಓಡಿದರೆ ಹಗ್ಗದವರು ಓಡುತ್ತಾರೆ. ರೆಕಾರ್ಡ್ ಹಾಕಿಕೊಂಡು ಆಡುವ ಆಟಗಳಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಹಾಡು ಯಾರಿಗೂ ಕಾಯುವುದಿಲ್ಲ ಅಲ್ವಾ? ಈಗ ನಮ್ಮ ಕಡೆಯ ಹಳ್ಳಿ ನಾಟಕಗಳಲ್ಲೂ ಹಾರ್ಮೋನಿಯಂ ಬದಲು ಕೀಬೋರ್ಡ್, ಅದಕ್ಕೆ ತುಂಬಿಟ್ಟ ತಾಳ ಬರುತ್ತಿದೆ. ನಟ ಕಂದಪದ್ಯದಲ್ಲಿ ಉಸಿರು ಎಳೆದು ನಿಂತರೂ ತಾಳ ನಿಲ್ಲುವುದಿಲ್ಲ. ಅಪ್ಪನಿಗೆ ಅದರ ನೋವಿದೆ, ನನಗೂ ಇದೆ.

ಬಣ್ಣದ ಕೋಣೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು. ಘಟೋತ್ಕಚ ಮೀಸೆ ತೆಗೆದರೆ ತೀರಾ ಸಣ್ಣ ವಯಸ್ಸಿನ ಹುಡುಗ! ಮಗಳು ಹೆದರದೆ ಅವನ ಗದೆ ಎತ್ತಿ ನೋಡಿದಳು. ಟ್ರಂಕಿನ ಮೇಲೆ ಒಂದು ಮಗು, ಕೆನ್ನೆಯ ಬಣ್ಣ ಹಾಗೇ ಇಟ್ಟುಕೊಂಡು ಮಲಗಿತ್ತು.

ಹೋಗುವವರಿಗೆ ಒಂದೆರಡು ಮಾತು. ತೀರಾ ಮುಂದಿನ ಸಾಲು ಬೇಡ, ದಾರ ಕಂಡರೂ ಕಾಣಬಹುದು. ನಡುವಿನ ಸಾಲು, ಹಾರ್ಮೋನಿಯಂ ಇರುವ ಬದಿ ಸಿಕ್ಕಿದರೆ ತುಂಬಾ ಒಳ್ಳೆಯದು. ದಯವಿಟ್ಟು ಫೋನಿನ ಲೈಟ್ ಹಾಕಬೇಡಿ. ನಮ್ಮ ಮುಂದಿನವರು, ಘಟೋತ್ಕಚ ಶಶಿರೇಖೆಯ ರೂಪ ತಾಳುವ ಮಾಯಾ ಶಶಿರೇಖೆಯ ಸೀನಿನಲ್ಲಿ ಫ್ಲಾಶ್ ಹಾಕಿ ವಿಡಿಯೋ ಮಾಡಿದರು. ಕತ್ತಲೆಯನ್ನು ನಂಬಿ ಕಟ್ಟಿದ ಕೆಲಸ ಅದು, ಒಂದು ಲೈಟಿಗೆ ಹಾಳಾಗುತ್ತದೆ. ಮುಗಿದ ಮೇಲೆ ಒಳಗೆ ಹೋಗಬೇಕು ಅನ್ನಿಸಿದರೆ ಸುಮ್ನೆ ನುಗ್ಗಬೇಡಿ, ಪಕ್ಕವಾದ್ಯದವರನ್ನು ಕೇಳಿ. ಅವರು ಪರದೆ ಬಿಚ್ಚಿ, ಸುತ್ತಿ ಲಾರಿಗೆ ತುಂಬಬೇಕಿರುತ್ತದೆ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಟ್ಟರೆ ಬೇಡ ಅನ್ನುವುದಿಲ್ಲ. ಅಪ್ಪ ಆ ಹಾರ್ಮೋನಿಯಂ ಪೆಟ್ಟಿಗೆಯನ್ನು ತಾವೇ ಲಾರಿಯ ತನಕ ಹೊತ್ತರು.