ಬ್ಲಾಕ್ ಹೀಟರ್: ಮೈನಸ್ 30ರ ಚಳಿಯಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ

ಕರ್ನಾಟಕದಿಂದ ಕೆನಡಾದ ವಿನ್ನಿಪೆಗ್‌ಗೆ ಬಂದು ನೆಲೆಸುವವರಿಗೆ ಇಲ್ಲಿನ ಕಾರುಗಳ ಮುಂಭಾಗದ ಜಾಲರಿಯಿಂದ ಜೋತುಬಿದ್ದಿರುವ ಕರೆಂಟಿನ ಪ್ಲಗ್ಗು ಮೊದಲಿಗೆ ವಿಚಿತ್ರವಾಗಿ ಕಾಣುತ್ತದೆ. ಇವೇನೂ ವಿದ್ಯುತ್ ಕಾರುಗಳಲ್ಲ. ಅದು ಬ್ಲಾಕ್ ಹೀಟರಿನ ತಂತಿ. ನನ್ನ ಪೆಟ್ರೋಲ್ ಕಾರಿನಲ್ಲಿರುವುದು 400 ವಾಟ್‌ನ ಹೀಟರ್. ಎಂಜಿನ್ ಬ್ಲಾಕಿನೊಳಗೆ, ಅಂದರೆ ಎಂಜಿನ್ನಿನ ಮುಖ್ಯ ಲೋಹದ ಒಡಲೊಳಗೆ, ಕೂರುವ ಈ ಪುಟ್ಟ ಕಾಯಿಲು ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟನ್ನು ಬೆಚ್ಚಗೆ ಮಾಡುತ್ತದೆ, ಆ ಶಾಖ ಬ್ಲಾಕಿಗೆಲ್ಲ ಹರಡುತ್ತದೆ. ಇಲ್ಲಿಂದ ಗಡಿ ದಾಟಿದರೆ ಸಿಗುವ ಉತ್ತರ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಇಂಥದೊಂದು ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಈ ಸೀಮೆಯ ಚಳಿಯನ್ನು ಉಂಡವರಿಗೇ ಹೊಳೆಯುವ ಉಪಾಯವಿದು.

ಮೈನಸ್ 30 ಡಿಗ್ರಿಯಲ್ಲಿ ರಾತ್ರಿಯಿಡೀ ಬಯಲಲ್ಲಿ ನಿಂತ ಕಾರಿನ ಎಂಜಿನ್ ಆಯಿಲ್ ಗಟ್ಟಿ ಪಾಕದಂತಾಗಿರುತ್ತದೆ; ಬ್ಯಾಟರಿಯ ಶಕ್ತಿಯೂ ಕುಗ್ಗಿರುವುದರಿಂದ, ಹೆಚ್ಚು ಬಲ ಬೇಕಾದ ಹೊತ್ತಿನಲ್ಲೇ ಸ್ಟಾರ್ಟರಿಗೆ ಕಡಿಮೆ ಬಲ ಸಿಗುತ್ತದೆ. ಹೀಟರ್ ಹಾಕಿಟ್ಟ ಬೆಳಗ್ಗೆ ಆ ನರಳಾಟವಿಲ್ಲ. ಎಂಜಿನ್ ಒಂದೇ ಸಲಕ್ಕೆ ಹಿಡಿಯುತ್ತದೆ, ಒಳಗೆ ಬಿಸಿಗಾಳಿಯೂ ಬೇಗ ಬರತೊಡಗುತ್ತದೆ.

ಇದಕ್ಕಿಂತ ರಿಮೋಟ್ ಸ್ಟಾರ್ಟರೇ ಮೇಲೆಂದು ಹೇಳುವವರು ಬಹಳ ಮಂದಿ. ಮನೆಯೊಳಗಿಂದಲೇ ಗುಂಡಿ ಒತ್ತಿ ಕಾರನ್ನು ಕಾಲು ಗಂಟೆ ಓಡಲು ಬಿಟ್ಟರೆ ಸೀಟು ಬೆಚ್ಚಗಾಗುತ್ತದೆ ಎಂಬುದು ನಿಜ, ಆದರೆ ಎಂಜಿನ್ನಿಗೆ ಅದರಿಂದ ಉಪಕಾರ ಕಡಿಮೆ. ಮರಗಟ್ಟಿದ ಎಂಜಿನ್ ಸ್ಟಾರ್ಟ್ ಆಗುವ ಕಷ್ಟವನ್ನು ಅದು ತಪ್ಪಿಸುವುದಿಲ್ಲ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಹರಿಯುತ್ತದೆ, ಪೂರ್ತಿ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆಯುತ್ತದೆ, ನಿಂತಲ್ಲೇ ಓಡುವ ಎಂಜಿನ್ ಬಿಸಿಯಾಗುವುದೂ ನಿಧಾನ. ನಿಂತಲ್ಲೇ ಓಡಿಸಿ ಬಿಸಿ ಮಾಡುವ ಈ ಅಭ್ಯಾಸ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುತ್ತಿದ್ದ ಹಳೆಯ ಕಾರ್ಬುರೇಟರ್ ಕಾಲದ್ದು; ಪೆಟ್ರೋಲನ್ನು ಅಳತೆಯಲ್ಲಿ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೂ ಉಳಿದುಕೊಂಡಿದೆ. ಸ್ಟಾರ್ಟ್ ಮಾಡಿ, ಗಾಜಿನ ಮೇಲಿನ ಹಿಮವನ್ನು ಪೂರ್ತಿ ಕೆರೆದು, ಮೊದಲ ಕೆಲವು ಕಿಲೋಮೀಟರ್ ಆಕ್ಸಿಲರೇಟರನ್ನು ಹಗುರಾಗಿ ತುಳಿಯುತ್ತ ಸಾಗಿದರೆ ಎಂಜಿನ್ ತಾನೇ ಬೇಗ ಹದಕ್ಕೆ ಬರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಂತೂ ಕಾರನ್ನು ಓಡಲು ಬಿಡಲೇಬಾರದು. ಹೊಗೆಯಲ್ಲಿರುವ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹೀಟರಿನಷ್ಟೇ ಮುಖ್ಯವಾದುದು ಅದರ ಟೈಮರ್, ಆದರೆ ಇದನ್ನು ಕೊಳ್ಳಲು ಹಲವರು ಜಿಪುಣತನ ಮಾಡುತ್ತಾರೆ. ಹೊರಡುವುದಕ್ಕೆ ಎರಡು ಗಂಟೆ ಮೊದಲು ಹೀಟರ್ ಚಾಲೂ ಆದರೆ ಸಾಮಾನ್ಯವಾಗಿ ಸಾಕು, ತೀರಾ ಚಳಿಯಿದ್ದರೆ ಮೂರು. 400 ವಾಟ್‌ನ ಹೀಟರ್ ಮೂರು ಗಂಟೆಗೆ 1.2 ಯೂನಿಟ್ ವಿದ್ಯುತ್ ತಿಂದರೆ, ಸಂಜೆಯೇ ಪ್ಲಗ್ ಹಾಕಿ ಹತ್ತು ಗಂಟೆ ಬಿಟ್ಟಾಗ 4 ಯೂನಿಟ್ ತಿನ್ನುತ್ತದೆ, ಹಾಗೆಂದು ಎಂಜಿನ್ ಮೂರು ಪಾಲು ಹೆಚ್ಚು ಬಿಸಿಯಾಗುವುದಿಲ್ಲ. ಹೊರಾಂಗಣ ಬಳಕೆಗೆಂದೇ ಮಾಡಿದ ಟೈಮರನ್ನೇ ಕೊಳ್ಳಬೇಕು.

ದೂರುಗಳೂ ಇವೆ. ಚಳಿ ಏರಿದಂತೆ ತಂತಿ ಬೆತ್ತದಂತೆ ಸೆಟೆದುಕೊಳ್ಳುತ್ತದೆ, ಕೈಗವಸು ತೊಟ್ಟು ಅದನ್ನು ಸುತ್ತಿಡುವುದು ಹಿಂಸೆ. ರಸ್ತೆಗೆ ಹಾಕುವ ಉಪ್ಪಿನಿಂದ ಪ್ಲಗ್ಗಿನ ಕಡ್ಡಿಗಳು ತುಕ್ಕು ಹಿಡಿಯುತ್ತವೆ, ಆದ್ದರಿಂದ ಮುಚ್ಚಳ ಹಾಕಿಡಬೇಕು. ಹೀಟರ್ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ದೀಪ ನನ್ನದರಲ್ಲಿಲ್ಲ. ಇದನ್ನು ನಾನು ದೊಡ್ಡ ಕೊರತೆಯೆಂದೇ ಎಣಿಸುತ್ತೇನೆ.

ಬಿಸಿಯಿರುವ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೆ, ಚಳಿ ಅಷ್ಟಿಲ್ಲದ ವ್ಯಾಂಕೂವರಿನಂಥ ಊರಿನವರಿಗೆ ಇದರ ಅಗತ್ಯವಿಲ್ಲ. ಬಯಲಲ್ಲಿ ನಿಲ್ಲಿಸುವವರು ಬಾಡಿಗೆ ಮನೆ ಹಿಡಿಯುವ ಮುನ್ನವೇ ಪಾರ್ಕಿಂಗ್ ಜಾಗದಲ್ಲಿ ಕರೆಂಟ್ ಪಾಯಿಂಟ್ ಇದೆಯೇ, ಅದರ ಶುಲ್ಕ ಬಾಡಿಗೆಯಲ್ಲೇ ಸೇರಿದೆಯೇ ಎಂದು ಮಾಲೀಕರನ್ನು ಕೇಳಿಕೊಳ್ಳುವುದು ಒಳ್ಳೆಯದು.