ಬಿಳಿ ರಕ್ತಕಣ ಏರಿದೆಯೇ? ಸ್ಲೈಡ್ ನೋಡುವ ಮೊದಲು ಸ್ಟಿರಾಯ್ಡ್ ಬೇಡ

ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಕಾಲುನೋವು ಇದ್ದ ಆರು ವರ್ಷದ ಮಗು. ಬಿಳಿ ರಕ್ತಕಣ 28,000, ಅದರಲ್ಲಿ ಲಿಂಫೋಸೈಟ್ ಎಂಬ ಬಗೆ ಶೇ 84. ವೈರಲ್ ಸೋಂಕು, ಕೀಲಿಗೂ ತಗುಲಿದೆ ಎಂದುಕೊಂಡು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಬರೆದುಕೊಟ್ಟರು. ನೋವು ಹೋಯಿತು, ಕೌಂಟೂ ಇಳಿಯಿತು. ಔಷಧಿ ನಿಲ್ಲಿಸಿದ ಮೇಲೆ ಎಲ್ಲವೂ ಮರುಕಳಿಸಿತು. ಅದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಆಗಿತ್ತು.

ಸುಳಿವು ಮೊದಲ ರಿಪೋರ್ಟಿನಲ್ಲೇ ಇತ್ತು: ಹಿಮೋಗ್ಲೋಬಿನ್ 8.1, ಪ್ಲೇಟ್‌ಲೆಟ್ 62,000. ಸೋಂಕಿನಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು, ನಿಜ. ಆದರೆ ಬಿಳಿ ಕಣ ಏರಿ ಉಳಿದೆರಡೂ ಕುಸಿದಿದ್ದರೆ ಸ್ಲೈಡ್ (ಗಾಜಿನ ಮೇಲೆ ಹರಡಿದ ರಕ್ತದ ಹನಿ) ನೋಡದೆ ಒಂದು ಹೆಜ್ಜೆಯೂ ಮುಂದಿಡಬಾರದು. ಲ್ಯಾಬಿನ ಎಣಿಕೆ ಯಂತ್ರ ಕಣದ ಗಾತ್ರ, ಬೆಳಕಿನ ಚದುರುವಿಕೆ ನೋಡಿ ವಿಂಗಡಿಸುತ್ತದೆ. ಬ್ಲಾಸ್ಟ್ ಕಣಗಳನ್ನು (ಬಲಿಯದ ಕ್ಯಾನ್ಸರ್ ಕಣಗಳು) ಲಿಂಫೋಸೈಟ್ ಅಥವಾ ಮೊನೋಸೈಟ್ ಲೆಕ್ಕಕ್ಕೆ ಸೇರಿಸಿಬಿಡಬಲ್ಲದು. ಅದನ್ನು ಹಿಡಿಯುವುದು ಸೂಕ್ಷ್ಮದರ್ಶಕದ ಮುಂದೆ ಕೂತ ಪೆಥಾಲಜಿಸ್ಟ್ ಕಣ್ಣು.

ಸ್ಟಿರಾಯ್ಡ್ ಇಲ್ಲಿ ಎರಡು ಕೆಡುಕು ಮಾಡುತ್ತದೆ. ಲಿಂಫೋಬ್ಲಾಸ್ಟ್‌ಗಳನ್ನು (ಈ ಲ್ಯುಕೇಮಿಯಾದ ಬ್ಲಾಸ್ಟ್ ಕಣಗಳನ್ನು) ಕೊಂದು ಅಸ್ಥಿಮಜ್ಜೆ ಪರೀಕ್ಷೆಯನ್ನೇ ಮಸುಕು ಮಾಡುತ್ತದೆ. ಜೊತೆಗೆ, ಕಣಗಳು ಒಮ್ಮೆಲೇ ಒಡೆದರೆ ಪೊಟ್ಯಾಸಿಯಂ, ಯೂರಿಕ್ ಆಮ್ಲ ಏರಿ ಮೂತ್ರಪಿಂಡ ಕೈಕೊಡಬಹುದು.

ಹಾಗೆಂದು ದೊಡ್ಡ ಸಂಖ್ಯೆಯೆಲ್ಲ ಕ್ಯಾನ್ಸರ್ ಅಲ್ಲ. ತೀವ್ರ ನ್ಯುಮೋನಿಯಾ, ಒಳಗೆ ಕಟ್ಟಿದ ಕೀವು, ಕ್ಷಯ ಇವುಗಳಲ್ಲೂ ಕೌಂಟ್ 50,000 ದಾಟಬಹುದು. ಸ್ಟಿರಾಯ್ಡ್ ಕೂಡ ಕೌಂಟ್ ಏರಿಸುತ್ತದೆ. ಇಂಥ ಸೋಂಕಿನ ಸ್ಲೈಡಿನಲ್ಲಿ ಸಾಮಾನ್ಯವಾಗಿ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್‌ಗಳೇ ಹೆಚ್ಚು, ಅವುಗಳೊಳಗೆ ಸೋಂಕಿನ ಗುರುತುಗಳಾದ ಟಾಕ್ಸಿಕ್ ಗ್ರ್ಯಾನ್ಯೂಲ್, ಡೋಲೆ ಬಾಡಿ ಕಾಣುತ್ತವೆ. ಇದನ್ನೇ ಹೋಲುವ, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಮಾತ್ರ ಮೋಸ ಮಾಡುತ್ತದೆ: ರೋಗಿ ಆರಾಮಾಗಿಯೇ ಇರುತ್ತಾರೆ, ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ನಡೆಯುತ್ತಿರುತ್ತದೆ. ಬೇಸೋಫಿಲ್ (ಬಿಳಿ ಕಣದ ಒಂದು ಬಗೆ) ಏರಿದ್ದರೆ, ಮೈಲೋಸೈಟ್‌ಗಳು (ಪೂರ್ತಿ ಬಲಿಯದ ಬಿಳಿ ಕಣಗಳು) ತುಂಬಿದ್ದರೆ, ಎಡಪಕ್ಕೆಯ ಕೆಳಗೆ ಗುಲ್ಮ ಕೈಗೆ ಸಿಕ್ಕರೆ ಈ ಕ್ಯಾನ್ಸರಿನ ಜೀನ್ ಗುರುತಿಸುವ ಬಿಸಿಆರ್-ಎಬಿಎಲ್ ಪರೀಕ್ಷೆ ಕೇಳಿ. ರಕ್ತದ ಮಾದರಿಯೇ ಸಾಕು.

ಕೌಂಟ್ ಸಹಜವಿದ್ದರೂ, ಕಡಿಮೆಯಿದ್ದರೂ ಅಕ್ಯೂಟ್ ಲ್ಯುಕೇಮಿಯಾ ಇರಬಹುದು. ಸ್ಲೈಡಿನಲ್ಲಿ ಬ್ಲಾಸ್ಟ್ ಕಂಡರೆ ಅದೇ ದಿನ ರಕ್ತರೋಗ ತಜ್ಞರ ಬಳಿ ಹೋಗಬೇಕು. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆಗಳೂ ಇದ್ದರೆ ಗಂಟೆಗಳೂ ಮುಖ್ಯ; ಅಕ್ಯೂಟ್ ಲ್ಯುಕೇಮಿಯಾದ ಪ್ರೋಮೈಲೋಸೈಟಿಕ್ ಎಂಬ ಬಗೆಯಲ್ಲಿ ರಕ್ತಸ್ರಾವವೇ ಜೀವ ತೆಗೆಯಬಹುದು.

ಸ್ಟಿರಾಯ್ಡ್ ಈಗಾಗಲೇ ಕೊಟ್ಟಾಗಿದ್ದರೆ ಮುಚ್ಚಿಡಬೇಡಿ. ಶುರುವಾದ ದಿನಾಂಕ, ಡೋಸ್ ಬರೆದುಕೊಂಡು ಹೋಗಿ. ಗಾಬರಿಯಲ್ಲಿ ತಾವಾಗಿಯೇ ನಿಲ್ಲಿಸುವುದೂ ಬೇಡ. ಅದಕ್ಕೂ ಮುಂಚಿನ ಸ್ಲೈಡ್ ಲ್ಯಾಬಿನಲ್ಲಿ ಉಳಿದಿದ್ದರೆ ಕೇಳಿ ಪಡೆದು ತಜ್ಞರಿಗೆ ತೋರಿಸಿ.