ಅಜಾಥಯೋಪ್ರಿನ್ ಮಾತ್ರೆ: ಕಿಡ್ನಿ ಕಸಿಯ ಹಿರಿಯ ಔಷಧಿ ಇಂದಿಗೂ ಬೇಕೇ?

ಬೇಕು. ಆದರೆ ರಕ್ತಪರೀಕ್ಷೆ ತಪ್ಪಿಸುವವರ ಕೈಗೆ ಕೊಡುವ ಮಾತ್ರೆ ಇದಲ್ಲ.

ಕಸಿ ಮಾಡಿದ ಕಿಡ್ನಿಯನ್ನು ದೇಹ ಹೊರಗಿನದೆಂದು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಇದು. ಇದಕ್ಕೂ ಮುಂಚಿನ ಪರಿಸ್ಥಿತಿ ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. 1954ರಲ್ಲಿ ಬಾಸ್ಟನ್‌ನಲ್ಲಿ ಶಸ್ತ್ರವೈದ್ಯ ಜೋಸೆಫ್ ಮರ್ರೆ ಮಾಡಿದ ಕಸಿ ಗೆದ್ದದ್ದು ದಾನಿ, ರೋಗಿ ಇಬ್ಬರೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಿಗೆ ಆ ಶಕ್ತಿಯನ್ನು ತಗ್ಗಿಸಲೆಂದು ಇಡೀ ಮೈಗೆ ವಿಕಿರಣ ಹಾಯಿಸಿ ನೋಡಿದರು. ರಕ್ತಕಣ ಹುಟ್ಟುವ ಮೂಳೆಮಜ್ಜೆ ಸೊರಗಿ ಹೆಚ್ಚಿನವರು ಸೋಂಕಿನಿಂದ ತೀರಿಕೊಂಡರು. ಔಷಧ ವಿಜ್ಞಾನಿಗಳಾದ ಎಲಿಯನ್ ಮತ್ತು ಹಿಚಿಂಗ್ಸ್ ಅವರ ಪ್ರಯೋಗಾಲಯದಿಂದ ಬಂದ ಅಜಾಥಯೋಪ್ರಿನ್ ಅನ್ನು ಬ್ರಿಟಿಷ್ ಶಸ್ತ್ರವೈದ್ಯ ರಾಯ್ ಕಾಲ್ನ್ ನಾಯಿಗಳ ಮೇಲೆ ಪರೀಕ್ಷಿಸಿದರು. 1962ರಲ್ಲಿ ಮರ್ರೆ ತಂಡ ಮೃತ ದಾನಿಯ ಕಿಡ್ನಿಯನ್ನು ಇದರ ಬಲದಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಸಿತು.

ಒಂಟಿಯಾಗಿ ಇದು ಸಾಲದು. ದೇಹದೊಳಗೆ 6-ಮರ್ಕ್ಯಾಪ್ಟೋಪ್ಯೂರಿನ್ ಆಗಿ ಬದಲಾಗಿ, ಲಿಂಫೋಸೈಟ್‌ಗಳು (ಹೊರಗಿನದರ ಮೇಲೆ ದಾಳಿ ಮಾಡುವ ಬಿಳಿರಕ್ತಕಣಗಳು) ದ್ವಿಗುಣಗೊಳ್ಳದಂತೆ ತಡೆಯುತ್ತದೆ, ಅಷ್ಟೇ. ತಿರಸ್ಕಾರ ಶುರುವಾದ ಮೇಲೆ ಡೋಸ್ ಏರಿಸಿದರೆ ಬಿಳಿರಕ್ತಕಣ ಕುಸಿಯುತ್ತದೆ, ಕಿಡ್ನಿ ಉಳಿಯುವುದಿಲ್ಲ. ಡೆನ್ವರ್‌ನಲ್ಲಿ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜ್ಲ್ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಜೊತೆಗೂಡಿಸಿ, ಶುರುವಾದ ತಿರಸ್ಕಾರವನ್ನೂ ಹಿಂದಕ್ಕೆ ತಿರುಗಿಸಬಹುದೆಂದು ತೋರಿಸಿದರು. ನಿಜವಾದ ತಿರುವು ಆ ಜೋಡಿಯದು.

ಕಸಿಯ ಹೊತ್ತಿಗೆ ದೇಹದ ತೂಕದ ಕಿಲೋಗೆ 3ರಿಂದ 5 ಮಿಲಿಗ್ರಾಂ, ಆಮೇಲೆ ದಿನಕ್ಕೆ 1ರಿಂದ 3. 60 ಕಿಲೋ ತೂಕದವರಿಗೆ ಕಿಲೋಗೆ 2ರ ಲೆಕ್ಕದಲ್ಲಿ 120 ಬರುತ್ತದೆ. 50ರ ಎರಡು, 25ರ ಒಂದು ಮಾತ್ರೆ ಸೇರಿಸಿದರೆ ಹತ್ತಿರ ಬರುತ್ತದೆ. ಮಾತ್ರೆ ಪುಡಿ ಮಾಡಬೇಡಿ. ಹೊಟ್ಟೆ ತೊಳಸಿದರೆ ಊಟದ ನಂತರ ನುಂಗಿ.

ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದಿನ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ ಆಗಲೇಬೇಕು. ಲಿವರ್ ಪರೀಕ್ಷೆಯೂ ಜೊತೆಗಿರಲಿ. ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಔಷಧಿಯನ್ನು ನಿಷ್ಕ್ರಿಯಗೊಳಿಸುವ ಟಿಪಿಎಂಟಿ ಕಿಣ್ವ ಇಲ್ಲವೆಂಬಷ್ಟು ಕಡಿಮೆ. ಮಾಮೂಲಿ ಡೋಸ್ ಕೂಡ ಅವರ ಮಜ್ಜೆಯನ್ನು ಬತ್ತಿಸುತ್ತದೆ. ಶುರುಮಾಡುವ ಮುನ್ನವೇ ಆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ದೊಡ್ಡ ಅಪಾಯ ಬರುವುದು ಗೌಟ್ (ಯೂರಿಕ್ ಆಮ್ಲ ಏರಿ ಬರುವ ಕೀಲುನೋವು) ಔಷಧಿ ಅಲೋಪ್ಯುರಿನಾಲ್‌ನಿಂದ. ಅಜಾಥಯೋಪ್ರಿನ್ ಅನ್ನು ಒಡೆದು ಹೊರಹಾಕುವ ಜ್ಯಾಂಥೀನ್ ಆಕ್ಸಿಡೇಸ್ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಎರಡೂ ಅನಿವಾರ್ಯವಾದರೆ ಅಜಾಥಯೋಪ್ರಿನ್ ಮಾಮೂಲಿ ಪ್ರಮಾಣದ ಕಾಲು ಭಾಗದಷ್ಟಕ್ಕೆ ಇಳಿಯಬೇಕು. ಕಸಿಯಾದವರಲ್ಲಿ ಯೂರಿಕ್ ಆಮ್ಲ ಏರುವುದು ಸಾಮಾನ್ಯ, ಹಾಗಾಗಿ ಕಾಲುಬೆರಳಿನ ನೋವಿಗೆಂದು ಬೇರೆ ಡಾಕ್ಟರ ಬಳಿ ಹೋದವರು ಈ ಮಾತ್ರೆಯ ಹೆಸರು ಹೇಳಲೇಬೇಕು. ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವ ಅಪಾಯವೂ ವರ್ಷಗಳು ಕಳೆದಂತೆ ಹೆಚ್ಚುತ್ತದೆ. ತುಂಬುತೋಳಿನ ಬಟ್ಟೆ, ಟೋಪಿ, ಸನ್‌ಸ್ಕ್ರೀನ್ ಬಿಡಬೇಡಿ.

ಇಂದು ಹೆಚ್ಚಿನ ಕಡೆ ಮೈಕೋಫಿನೋಲೇಟ್ ಎಂಬ ಔಷಧಿ ಇದರ ಜಾಗ ಹಿಡಿದಿದೆ, ತಿರಸ್ಕಾರ ತಡೆಯುವುದರಲ್ಲಿ ಅದೇ ಮೇಲು. ಆದರೆ ಅದು ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ. ತಾಯಿಯಾಗಬೇಕೆನ್ನುವ ಕಸಿರೋಗಿಗೆ ಗರ್ಭಧಾರಣೆಗೆ ಕನಿಷ್ಠ 6 ವಾರ ಮೊದಲೇ ಅದನ್ನು ನಿಲ್ಲಿಸಿ, ವೈದ್ಯರು ಮತ್ತೆ ಅಜಾಥಯೋಪ್ರಿನ್‌ಗೇ ಬದಲಿಸುತ್ತಾರೆ.